ಸೂರಿನಡಿ ದಾರಿ ಹೇಳುವ ಫೋನು

ಮಕ್ಕಳೇ, ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ನೆಲದ ಮೇಲೆ ಉಬ್ಬುಬ್ಬಾದ ಹಳದಿ ಪಟ್ಟಿ ನೋಡಿದ್ದೀರಲ್ಲ? ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಕಣ್ಣು ಕಾಣದವರು ಬಿಳಿ ಕೋಲಿನಿಂದ, ಅಂಗಾಲಿನಿಂದ ಓದುವ ದಾರಿ ಅದು. ಉದ್ದ ಗೆರೆಗಳಿದ್ದರೆ ‘ಮುಂದೆ ನಡೆ’, ದುಂಡು ಬೊಟ್ಟುಗಳಿದ್ದರೆ ‘ನಿಲ್ಲು, ಎಚ್ಚರ!’ ಇಂಥ ಹಾಸನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮಾ ನಗರದಲ್ಲಿ ಅದನ್ನು ಮೊದಲು ಹಾಸಿದರು.

ಆದರೆ ಈ ಪಟ್ಟಿ ‘ಇಲ್ಲಿ ದಾರಿಯಿದೆ’ ಎನ್ನುತ್ತದೆಯೇ ಹೊರತು, ಆ ದಾರಿ ಟಿಕೆಟ್ ಕೌಂಟರಿಗೋ ಶೌಚಾಲಯಕ್ಕೋ ಎಂದು ಹೇಳುವುದಿಲ್ಲ. ನಮಗಾದರೆ ಬೋರ್ಡು ಇದೆ. ಕಾಣದವರು ಯಾರನ್ನಾದರೂ ಕೇಳಬೇಕು. ಅವರು ‘ಅಗೋ, ಅಲ್ಲಿ’ ಎಂದು ಕೈ ತೋರಿಸಿ ಹೋಗಿಬಿಟ್ಟರೆ?

‘ಫೋನಿನಲ್ಲಿ ಮ್ಯಾಪ್ ಇದೆಯಲ್ಲ’ ಎನ್ನುತ್ತೀರಿ. ಇದೆ, ಆದರೆ ಅದು ಚೆನ್ನಾಗಿ ನಡೆಯುವುದು ಬಯಲಿನಲ್ಲಿ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಷ್ಟು ದೂರದಿಂದ ಬರುವ ಸಂಕೇತ ತೀರ ಕ್ಷೀಣ. ಕಾಂಕ್ರೀಟ್ ಚಾವಣಿ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಬಯಲಿನಲ್ಲೂ ಕೆಲವು ಮೀಟರ್ ಹೆಚ್ಚುಕಮ್ಮಿ ಆಗುವುದುಂಟು. ನಮಗೆ ಅದು ಲೆಕ್ಕಕ್ಕಿಲ್ಲ. ಕಾಣದವರಿಗೆ ಬಾಗಿಲಿಗೂ ಗೋಡೆಗೂ, ಲಿಫ್ಟಿಗೂ ಮೆಟ್ಟಿಲಿಗೂ ಇರುವ ಅಂತರವೇ ಅಷ್ಟು!

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಜಪಾನಿನವರೇ ಆದ ಚಿಯೆಕೊ ಅಸಕಾವಾ ಒಬ್ಬರು. 11ನೇ ವಯಸ್ಸಿನಲ್ಲಿ ಈಜುಕೊಳದಲ್ಲಿ ಅವರ ಕಣ್ಣಿಗೆ ಪೆಟ್ಟು ಬಿತ್ತು. 14ರ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. ಅವರು ಓದು ಬಿಡಲಿಲ್ಲ. ಐಬಿಎಂ ಕಂಪನಿಯಲ್ಲಿ ಕಂಪ್ಯೂಟರ್ ವಿಜ್ಞಾನಿಯಾದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆ ಸೇರಿ, 2015ರಲ್ಲಿ ‘ನ್ಯಾವ್‌ಕಾಗ್’ ಎಂಬ ಆ್ಯಪ್ ಅನ್ನು ಹೊರತಂದರು.

ಅದು ಹೇಗೆ ಕೆಲಸ ಮಾಡುತ್ತದೆ? ಕಣ್ಣು ಮುಚ್ಚಿ ಮನೆಯಲ್ಲಿ ಓಡಾಡಿ. ಕುಕ್ಕರ್ ಸೀಟಿ ಜೋರಾಗಿ ಕೇಳಿದರೆ ಅಡುಗೆಮನೆ ಹತ್ತಿರ, ಟಿ.ವಿ. ಸದ್ದು ಹೆಚ್ಚಾದರೆ ನಡುಮನೆ ಹತ್ತಿರ. ಫೋನೂ ಹೀಗೆಯೇ ಊಹಿಸುತ್ತದೆ. ಕಟ್ಟಡದ ಗೋಡೆ, ಕಂಬಗಳಲ್ಲಿ ಬೀಕನ್ ಎಂಬ ಪುಟ್ಟ ಡಬ್ಬಿಗಳನ್ನು ಅಂಟಿಸಿರುತ್ತಾರೆ. ಒಂದೊಂದೂ ಬ್ಲೂಟೂತ್ ಮೂಲಕ ತನ್ನ ಗುರುತನ್ನು ಸಾರುತ್ತಿರುತ್ತದೆ. ಯಾವುದರ ಸಂಕೇತ ಎಷ್ಟು ಬಲವಾಗಿದೆ ಎಂದು ಅಳೆದು, ಮೊದಲೇ ಮಾಡಿಟ್ಟ ನಕ್ಷೆಯೊಡನೆ ಹೋಲಿಸಿ, ಎಲ್ಲಿದ್ದೀರಿ ಎಂಬುದನ್ನು ಫೋನು ಲೆಕ್ಕ ಹಾಕುತ್ತದೆ. ಇಷ್ಟು ದೂರ ನೇರ ನಡೆಯಿರಿ, ಆಮೇಲೆ ಬಲಕ್ಕೆ ತಿರುಗಿ ಎಂದು ಕಿವಿಯಲ್ಲಿ ಹೇಳುತ್ತದೆ.

ಹಾಗೆಂದು ಎಲ್ಲವೂ ಸಲೀಸಲ್ಲ. ಪ್ರತಿ ಕಟ್ಟಡಕ್ಕೂ ಯಾರಾದರೂ ನಕ್ಷೆ ಮಾಡಬೇಕು. ಬೀಕನ್ ಬ್ಯಾಟರಿ ಮುಗಿದರೆ ಬದಲಿಸಬೇಕು. ದಾರಿಯಲ್ಲಿಟ್ಟ ಬಕೆಟ್ಟು ಬೀಕನ್ನಿಗೆ ತಿಳಿಯದು. ಅದಕ್ಕೆ ಬಿಳಿ ಕೋಲೇ ಬೇಕು. ಆದ್ದರಿಂದಲೇ ಅಸಕಾವಾ ಈಗ ಕ್ಯಾಮೆರಾ, ಸೆನ್ಸರ್, ಮೋಟಾರ್ ಇರುವ ಸೂಟ್‌ಕೇಸ್ ಒಂದನ್ನು ರೂಪಿಸುತ್ತಿದ್ದಾರೆ. ಹಿಡಿಕೆ ಹಿಡಿದರೆ ಸಾಕು, ಅಡ್ಡ ಬಂದದ್ದನ್ನು ತಪ್ಪಿಸಿ ಅದೇ ಕರೆದೊಯ್ಯುತ್ತದೆ. ಅವರು 2021ರಿಂದ ಟೋಕಿಯೊದ ಮಿರೈಕಾನ್ ವಿಜ್ಞಾನ ಸಂಗ್ರಹಾಲಯದ ಮುಖ್ಯಸ್ಥೆ.

ಅಜ್ಜ ಅಜ್ಜಿಯರೇ, ಇದು ಬೇರೆಯವರ ಮಾತು ಎಂದುಕೊಳ್ಳಬೇಡಿ. ಕಣ್ಣಿಗೆ ಪೊರೆ ಬಂದರೆ ಆಸ್ಪತ್ರೆಯ ಬೋರ್ಡು ನಮಗೂ ಮಸುಕೇ. ಕಾಣದವರಿಗೆಂದು ಮಾಡಿದ ದಾರಿ ಎಲ್ಲರಿಗೂ ಒದಗುತ್ತದೆ.

ಮಕ್ಕಳೇ, ಈ ವಾರ ಒಂದು ಆಟ ಆಡಿ. ಬಾಗಿಲಿನಿಂದ ನೀರಿನ ಬಿಂದಿಗೆಯವರೆಗೆ ದಾರಿಯನ್ನು ಬಾಯಲ್ಲೇ ಹೇಳಿ. ‘ಅಲ್ಲಿ’, ‘ಇಲ್ಲಿ’ ಎನ್ನುವಂತಿಲ್ಲ! ‘ಆರು ಹೆಜ್ಜೆ ಮುಂದೆ, ಆಮೇಲೆ ಎಡಕ್ಕೆ’ ಎನ್ನಬೇಕು. ಇದನ್ನು ಕಲಿತರೆ, ನಿಲ್ದಾಣದಲ್ಲಿ ಯಾರಾದರೂ ದಾರಿ ಕೇಳಿದಾಗ ನಿಮಗೆ ಹೇಳಲು ಬರುತ್ತದೆ. ಅವರ ಕೈ ಹಿಡಿದು ಎಳೆಯಬೇಡಿ. ‘ಜೊತೆಗೆ ಬರಲೇ?’ ಎಂದು ಕೇಳಿ, ನಿಮ್ಮ ಮೊಣಕೈ ಕೊಡಿ. ಮತ್ತೆ, ಆ ಹಳದಿ ಪಟ್ಟಿಯ ಮೇಲೆ ಬ್ಯಾಗು ಇಡಬೇಡಿ!