ಎಂ.ಎಸ್. ಪದವಿಯ ಬೆಲೆ ಮತ್ತು ಮೂವತ್ತಾರು ತಿಂಗಳ ಪರವಾನಗಿ

ಅಮೆರಿಕದಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕವನ್ನು ಪ್ರತಿ ವರ್ಷ ಮುಂದಿಡುವ ‘ಓಪನ್ ಡೋರ್ಸ್’ ವರದಿ 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ ಭಾರತದ ಹೆಸರು ಮತ್ತೆ ಮೊದಲ ಸ್ಥಾನದಲ್ಲಿತ್ತು. 2024-25ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿದ್ದ ನಮ್ಮ ವಿದ್ಯಾರ್ಥಿಗಳ ಸಂಖ್ಯೆ 3,63,019. ಹಿಂದಿನ ವರ್ಷಕ್ಕಿಂತ ಶೇ. 9.5ರಷ್ಟು ಹೆಚ್ಚು. ಚೀನಾ ಬಹಳ ಹಿಂದೆ ಉಳಿದಿತ್ತು. ಬಹುತೇಕ ಸುದ್ದಿಗಳು ಇಷ್ಟಕ್ಕೇ ನಿಂತವು.

ಆದರೆ ಅದೇ ವರದಿಯ ಒಳಪುಟಗಳು ಬೇರೆಯೇ ಕಥೆ ಹೇಳುತ್ತಿದ್ದವು. ಸ್ನಾತಕೋತ್ತರ ತರಗತಿಗಳಲ್ಲಿ ಕುಳಿತಿದ್ದ ಭಾರತೀಯರು ಒಂದೇ ವರ್ಷದಲ್ಲಿ ಸುಮಾರು 1.97 ಲಕ್ಷದಿಂದ 1.78 ಲಕ್ಷಕ್ಕೆ ಇಳಿದಿದ್ದರು. ಹಾಗಾದರೆ ಒಟ್ಟು ಸಂಖ್ಯೆ ಏರಿದ್ದು ಹೇಗೆ? ಓದು ಮುಗಿಸಿ, ವಿದ್ಯಾರ್ಥಿ ವೀಸಾದ ಮೇಲೆಯೇ ಕೆಲಸಕ್ಕೆ ಸೇರಿಕೊಂಡವರನ್ನೂ ಅಮೆರಿಕ ‘ವಿದ್ಯಾರ್ಥಿ’ಗಳೆಂದೇ ಎಣಿಸುತ್ತದೆ. ಅಂಥ ಭಾರತೀಯರು ಸುಮಾರು 97 ಸಾವಿರದಿಂದ 1.43 ಲಕ್ಷಕ್ಕೆ ಏರಿದ್ದರು. ಸಭಾಂಗಣದ ಮುಂಬಾಗಿಲಿನಿಂದ ಬರುವವರು ಕಡಿಮೆಯಾಗುತ್ತಿದ್ದರೂ ಒಳಗಿರುವವರು ಇನ್ನೂ ಎದ್ದು ಹೋಗಿಲ್ಲವಾದ್ದರಿಂದ ಸಭೆ ತುಂಬಿದಂತೆ ಕಾಣುತ್ತಿತ್ತು.

ಮುಂಬಾಗಿಲಿನ ಸ್ಥಿತಿ ಎಂಥದ್ದೆಂಬುದು ಅದರ ಬೆನ್ನಿಗೇ ತಿಳಿಯಿತು. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳ ಹೊಸ ದಿನಾಂಕ ಕೊಡುವುದನ್ನು ಅಮೆರಿಕ ನಿಲ್ಲಿಸಿತು. ಜೂನ್‌ನಲ್ಲಿ ಮತ್ತೆ ಆರಂಭಿಸಿದಾಗ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಶೋಧಿಸುವ ನಿಯಮ ಸೇರಿಕೊಂಡಿತು. ಪ್ರವೇಶದ ಭರಾಟೆಯ ತಿಂಗಳಾದ ಆಗಸ್ಟ್‌ನಲ್ಲಿ ಭಾರತೀಯರಿಗೆ ಸಿಕ್ಕ ವಿದ್ಯಾರ್ಥಿ ವೀಸಾಗಳು ಹಿಂದಿನ ವರ್ಷಕ್ಕಿಂತ ಶೇ. 44ಕ್ಕೂ ಹೆಚ್ಚು ಕುಸಿದವು. ಆ ವರ್ಷದ ಶರತ್ಕಾಲದಲ್ಲಿ ಸುಮಾರು 825 ಸಂಸ್ಥೆಗಳಿಂದ ಸಂಗ್ರಹಿಸಿದ ಮಾಹಿತಿಯ ಪ್ರಕಾರ, ಹೊಸದಾಗಿ ಸೇರಿದ ವಿದೇಶಿ ವಿದ್ಯಾರ್ಥಿಗಳ ಪ್ರಮಾಣ ಶೇ. 17ರಷ್ಟು ತಗ್ಗಿತ್ತು. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಹೊಸ ವಿದೇಶಿ ಸ್ನಾತಕೋತ್ತರ ವಿದ್ಯಾರ್ಥಿಗಳು ಶೇ. 62ರಷ್ಟು ಕಡಿಮೆಯಾಗಿ, ಆಡಳಿತ ಮಂಡಳಿ ಖರ್ಚು ಕಡಿತದ ಮಾತಾಡಬೇಕಾಯಿತು.

ಇದನ್ನು ಕೇವಲ ವೀಸಾ ಕಚೇರಿಯ ಬಿಗಿ ಧೋರಣೆಯೆಂದು ವಿವರಿಸುವವರಿದ್ದಾರೆ. ಅದು ಅರ್ಧ ಸತ್ಯ. ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನದ ಪದವಿಗಳತ್ತ ಇಷ್ಟು ದೊಡ್ಡ ಪ್ರಮಾಣದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಎಳೆದು ತಂದದ್ದು ಏನು ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಬೇಕು. ಅಮೆರಿಕದಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ವಿಭಾಗಗಳಲ್ಲಿ, ಅಂದರೆ ಅಲ್ಲಿನ ಭಾಷೆಯಲ್ಲಿ ‘ಸ್ಟೆಮ್’ ವಿಷಯಗಳಲ್ಲಿ ಇದ್ದಾರೆ. ಈ ನಾಲ್ಕಕ್ಷರದ ಗುಂಪಿಗೆ ಸೇರಿದ ಪದವಿಯ ಜೊತೆ ಒಂದು ಪರವಾನಗಿ ಅಂಟಿಕೊಂಡು ಬರುತ್ತದೆ.

ಅದರ ಹೆಸರು ‘ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್’. ವಿದ್ಯಾರ್ಥಿಗಳ ಬಾಯಲ್ಲಿ ಒಪಿಟಿ. ಯಾವುದೇ ವಿಷಯದಲ್ಲಿ ಪದವಿ ಪಡೆದ ವಿದೇಶಿ ವಿದ್ಯಾರ್ಥಿಯೂ ತನ್ನ ಓದಿಗೆ ಸಂಬಂಧಿಸಿದ ಕೆಲಸವನ್ನು ಹನ್ನೆರಡು ತಿಂಗಳ ಕಾಲ ಮಾಡಬಹುದು. 2008ರಲ್ಲಿ ಜಾರ್ಜ್ ಬುಷ್ ಸರ್ಕಾರ ಸ್ಟೆಮ್ ಪದವೀಧರರಿಗೆ ಮಾತ್ರ ಇನ್ನೂ ಹದಿನೇಳು ತಿಂಗಳು ಸೇರಿಸಿತು. ಸಾರ್ವಜನಿಕರ ಅಭಿಪ್ರಾಯ ಕೇಳದೆ ಈ ನಿಯಮ ತಂದದ್ದು ಸರಿಯಲ್ಲವೆಂದು ನ್ಯಾಯಾಲಯವೊಂದು 2015ರಲ್ಲಿ ಅದನ್ನು ರದ್ದುಪಡಿಸಿತು. 2016ರಲ್ಲಿ ಒಬಾಮ ಸರ್ಕಾರ ಕ್ರಮಬದ್ಧವಾಗಿ ಹೊಸ ನಿಯಮ ರೂಪಿಸಿ ಹೆಚ್ಚುವರಿ ಅವಧಿಯನ್ನು ಇಪ್ಪತ್ನಾಲ್ಕು ತಿಂಗಳಿಗೆ ಏರಿಸಿತು. ಒಟ್ಟು ಮೂವತ್ತಾರು ತಿಂಗಳು. ಇತಿಹಾಸ ಓದಿದವನಿಗೆ ಒಂದು ವರ್ಷ, ಕಂಪ್ಯೂಟರ್ ಸೈನ್ಸ್ ಓದಿದವನಿಗೆ ಮೂರು ವರ್ಷ.

ಈ ವ್ಯತ್ಯಾಸದ ಬೆಲೆ ವಿಶ್ವವಿದ್ಯಾಲಯಗಳಿಗೆ ಬೇಗ ಅರ್ಥವಾಯಿತು. ಅರ್ಥಶಾಸ್ತ್ರ ಸ್ಟೆಮ್ ಪಟ್ಟಿಯಲ್ಲಿರಲಿಲ್ಲ. ಆದರೆ ಅರ್ಥಮಿತಿ ಹಾಗೂ ಪರಿಮಾಣಾತ್ಮಕ ಅರ್ಥಶಾಸ್ತ್ರವೆಂಬ ಸಂಕೇತ ಸಂಖ್ಯೆ ಪಟ್ಟಿಯಲ್ಲಿತ್ತು. ಯೇಲ್‌ನಂಥ ಪ್ರತಿಷ್ಠಿತ ಸಂಸ್ಥೆಗಳೂ ತಮ್ಮ ಅರ್ಥಶಾಸ್ತ್ರ ಪದವಿಯನ್ನು ಆ ಸಂಖ್ಯೆಗೆ ವರ್ಗಾಯಿಸಿಕೊಂಡವು. ನಂತರ ಹಲವು ಎಂಬಿಎ ಕೋರ್ಸ್‌ಗಳಿಗೂ ಸ್ಟೆಮ್ ಮುದ್ರೆ ಬಿತ್ತು. ಪಾಠ ಹೆಚ್ಚೇನೂ ಬದಲಾಗಲಿಲ್ಲ, ಬದಲಾದದ್ದು ಸಂಖ್ಯೆ. ನಮ್ಮ ನಗರಗಳ ವಿದೇಶ ವ್ಯಾಸಂಗ ಸಲಹಾ ಕೇಂದ್ರಗಳಲ್ಲಿ ಪ್ರಾಧ್ಯಾಪಕರ ಹೆಸರಿಗಿಂತ ಮೊದಲು ಕೇಳಿಬರುವುದು ‘ಇದು ಸ್ಟೆಮ್ ಕೋರ್ಸಾ?’ ಎಂಬ ಪ್ರಶ್ನೆಯೇ.

ಹಾಗೆ ಕೇಳುವ ವಿದ್ಯಾರ್ಥಿಯನ್ನು ಹಂಗಿಸುವುದು ಸುಲಭ, ನ್ಯಾಯವಲ್ಲ. ಮಧ್ಯಮ ದರ್ಜೆಯ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎಸ್. ಮಾಡಲು ಶುಲ್ಕ, ವಸತಿ, ಊಟ ಸೇರಿ ನಲವತ್ತರಿಂದ ಅರವತ್ತು ಲಕ್ಷ ರೂಪಾಯಿ ಬೇಕಾಗುತ್ತದೆ. ನಮ್ಮ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹಲವು ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆ ಸಂಬಳದಲ್ಲಿ ಈ ಸಾಲ ತೀರುವುದಿಲ್ಲ. ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ಮೀರಿದರೆ ಆಧಾರ ಕೇಳುತ್ತಾರೆ. ಆಧಾರವೆಂದರೆ ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿರುವ ಮನೆ ಅಥವಾ ನಿವೇಶನ. ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ ಕಂತು ಶುರು. ಮಗಳಿಗೆ ಅಲ್ಲಿ ಕೆಲಸ ಸಿಕ್ಕಿದೆಯೋ ಇಲ್ಲವೋ ಎಂದು ಕೇಳುವ ಕಲಂ ಸಾಲದ ಒಪ್ಪಂದದಲ್ಲಿಲ್ಲ. ಆ ಮೂವತ್ತಾರು ತಿಂಗಳ ಡಾಲರ್ ಸಂಬಳವನ್ನು ನಂಬಿಯೇ ದಾವಣಗೆರೆಯ, ಹುಬ್ಬಳ್ಳಿಯ, ಶಿವಮೊಗ್ಗದ ಮನೆಪತ್ರಗಳು ಬ್ಯಾಂಕಿನ ಕಪಾಟು ಸೇರುತ್ತವೆ.

ಪರವಾನಗಿ ಹೋದರೆ ಏನಾಗುತ್ತದೆಂದು ಊಹಿಸಬೇಕಾಗಿಲ್ಲ. ಬ್ರಿಟನ್ ಇದನ್ನು ಮಾಡಿ ತೋರಿಸಿದೆ. ಓದಿನ ನಂತರ ಎರಡು ವರ್ಷ ಕೆಲಸ ಮಾಡುವ ಅವಕಾಶವನ್ನು ಅದು 2012ರ ಏಪ್ರಿಲ್‌ನಲ್ಲಿ ಮುಚ್ಚಿತು. 2010-11ರಲ್ಲಿ 39,090 ಇದ್ದ ಅಲ್ಲಿನ ಭಾರತೀಯ ವಿದ್ಯಾರ್ಥಿಗಳು 2014-15ಕ್ಕೆ 18,320ಕ್ಕೆ ಇಳಿದರು. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಭಾಗಗಳಿಗೆ ಬಿದ್ದ ಪೆಟ್ಟು ಎಷ್ಟಿತ್ತೆಂದರೆ ಹೌಸ್ ಆಫ್ ಲಾರ್ಡ್ಸ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿ ವಿದೇಶಿ ಸ್ಟೆಮ್ ವಿದ್ಯಾರ್ಥಿಗಳ ಬಗ್ಗೆಯೇ ಪ್ರತ್ಯೇಕ ವಿಚಾರಣೆ ನಡೆಸಿ 2014ರಲ್ಲಿ ಸರ್ಕಾರಕ್ಕೆ ಎಚ್ಚರಿಕೆ ನೀಡಿತು. 2021ರಲ್ಲಿ ‘ಗ್ರಾಜುಯೇಟ್ ರೂಟ್’ ಎಂಬ ಹೆಸರಿನಲ್ಲಿ ಅದೇ ಬಾಗಿಲು ಮತ್ತೆ ತೆರೆಯಿತು. 2022-23ರಲ್ಲಿ ಅಲ್ಲಿ ಭಾರತೀಯರು 1,73,190. ಈ ಹನ್ನೆರಡು ವರ್ಷಗಳಲ್ಲಿ ಬ್ರಿಟನ್ನಿನ ಪ್ರಯೋಗಾಲಯಗಳು ಕೆಟ್ಟು ಮತ್ತೆ ಒಳ್ಳೆಯದಾದವೆಂದು ಯಾರೂ ವಾದಿಸಲಾರರು. ಇದೀಗ ಮತ್ತೊಂದು ತಿರುವು: 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ಅವಧಿಯನ್ನು ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಬ್ರಿಟನ್ ಪ್ರಕಟಿಸಿದೆ.

ಅಮೆರಿಕದ ಬದಲಾವಣೆ ಇಷ್ಟು ನೇರವಾಗಿಲ್ಲ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದಾಗ, ಆಗಿನ ವಿನಿಮಯ ದರದಲ್ಲಿ ಸುಮಾರು 88 ಲಕ್ಷ ರೂಪಾಯಿಯ ಆ ಮೊತ್ತ ಕೇಳಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದೂರವಾಣಿ ಕರೆಗಳು ನಿಲ್ಲಲಿಲ್ಲ. ಒಂದು ತಿಂಗಳ ನಂತರ ವಲಸೆ ಇಲಾಖೆ ಸ್ಪಷ್ಟೀಕರಣ ಕೊಟ್ಟಿತು. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕ ಅನ್ವಯಿಸುವುದಿಲ್ಲ. ಅಂದರೆ ಇಲ್ಲಿಂದ ನೇರವಾಗಿ ಕಂಪನಿ ಕಳಿಸುವ ಎಂಜಿನಿಯರ್ ದುಬಾರಿಯಾದ. ಅಲ್ಲೇ ಓದಿದವನು ಅಗ್ಗವಾಗಿ ಉಳಿದ. ವಿಚಿತ್ರವೆಂದರೆ ಈ ಘೋಷಣೆ ಎಂ.ಎಸ್. ಪದವಿಯ ಸಾಪೇಕ್ಷ ಬೆಲೆಯನ್ನು ಏರಿಸಿತು.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಎಚ್-1ಬಿಗೆ ವರ್ಷಕ್ಕೆ 85,000 ಮಿತಿ. ಅದರಲ್ಲಿ 20,000 ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ. 2026ರ ಹಣಕಾಸು ವರ್ಷಕ್ಕೆ ಸುಮಾರು 3.44 ಲಕ್ಷ ಅರ್ಹ ನೋಂದಣಿಗಳಲ್ಲಿ ಆಯ್ಕೆಯಾದದ್ದು 1.20 ಲಕ್ಷ. ಈವರೆಗಿನ ಲಾಟರಿಯಲ್ಲಿ ಎಲ್ಲರ ಚೀಟಿಗೂ ಒಂದೇ ತೂಕವಿತ್ತು. ಮೂರು ವರ್ಷದ ಒಪಿಟಿ ಇದ್ದವನಿಗೆ ಮೂರು ಸಲ ಚೀಟಿ ಹಾಕುವ ಅವಕಾಶ. 2025ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2026ರ ಫೆಬ್ರುವರಿ 27ರಿಂದ ಜಾರಿಗೆ ಬಂದ ನಿಯಮ ಆ ಸಮಾನತೆಯನ್ನು ತೆಗೆದುಹಾಕಿತು. ಸಂಬಳದ ನಾಲ್ಕನೇ ಹಂತದಲ್ಲಿರುವವನ ಹೆಸರು ಡಬ್ಬಿಯಲ್ಲಿ ನಾಲ್ಕು ಸಲ, ಮೊದಲ ಹಂತದವನದು ಒಂದೇ ಸಲ. ಮೊದಲ ಹಂತದವರ ಅವಕಾಶ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಇಲಾಖೆಯೇ ಅಂದಾಜಿಸಿದೆ. ಆಗಷ್ಟೇ ಪದವಿ ಮುಗಿಸಿದವರು ಸಾಮಾನ್ಯವಾಗಿ ಇರುವುದು ಮೊದಲ ಅಥವಾ ಎರಡನೇ ಹಂತದಲ್ಲಿ.

ಇನ್ನು ಒಪಿಟಿಯ ಮಾತು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಗಮನಿಸಬೇಕಾದ ಸಂಗತಿ ಇದು. ಎಚ್-1ಬಿಯನ್ನು ಅಮೆರಿಕದ ಸಂಸತ್ತು ಕಾನೂನಿನ ಮೂಲಕ ಸೃಷ್ಟಿಸಿದೆ. ಒಪಿಟಿಗೆ ಅಂಥ ಬುನಾದಿಯಿಲ್ಲ, ಅದು ಇಲಾಖೆಯ ನಿಯಮ ಮಾತ್ರ. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಅಮೆರಿಕದ ತಂತ್ರಜ್ಞರ ಕಾರ್ಮಿಕ ಸಂಘವೊಂದರ ಮೊಕದ್ದಮೆ 2022ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಸರ್ಕಾರಕ್ಕೆ ಇಂಥ ನಿಯಮ ಮಾಡುವ ಅಧಿಕಾರವಿದೆ ಎಂಬುದು ಆ ತೀರ್ಪಿನ ಸಾರ. ನಿಯಮ ಮಾಡುವ ಅಧಿಕಾರವಿದ್ದ ಸರ್ಕಾರಕ್ಕೆ ಅದನ್ನು ಹಿಂತೆಗೆಯುವ ಅಧಿಕಾರವೂ ಇರುತ್ತದೆ. ವಲಸೆ ಸೇವಾ ಸಂಸ್ಥೆಯ ಮುಖ್ಯಸ್ಥರಾಗಿ ನಾಮನಿರ್ದೇಶನಗೊಂಡಿದ್ದ ಜೋಸೆಫ್ ಎಡ್ಲೋ 2025ರ ಮೇ ತಿಂಗಳಲ್ಲಿ ಸೆನೆಟ್ ಸಮಿತಿಯ ಮುಂದೆ, ಓದು ಮುಗಿದ ನಂತರದ ಈ ಉದ್ಯೋಗಾವಕಾಶವನ್ನು ಕೊನೆಗಾಣಿಸುವ ಇಂಗಿತವನ್ನು ಮುಚ್ಚಿಡದೆ ಹೇಳಿದ್ದರು. ನಂತರ ಅವರೇ ಆ ಹುದ್ದೆಗೇರಿದರು.

ಸಂಶೋಧನೆಯ ದಾರಿ ಹಿಡಿದವರನ್ನು ಈ ಲೆಕ್ಕದಿಂದ ಹೊರಗಿಡಬೇಕು. ಅಮೆರಿಕದ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದ ಪಿಎಚ್‌.ಡಿ.ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆಯುವವರು ವಿದೇಶಿಯರು. ಅವರಲ್ಲಿ ಬಹುತೇಕರಿಗೆ ಶುಲ್ಕ ವಿನಾಯಿತಿ, ತಿಂಗಳ ಭತ್ಯೆ ಇರುತ್ತದೆ. ಹಿಂದೆ ಸುರತ್ಕಲ್‌ನಿಂದಲೋ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೋ ಹೊರಟವರು ಹೆಚ್ಚಾಗಿ ಇದೇ ಬಗೆಯ ನೆರವಿನ ಮೇಲೆ ಹೋಗುತ್ತಿದ್ದರು. ಸ್ವಂತ ಸಾಲದ ಎಂ.ಎಸ್. ಬೇರೆಯೇ ವ್ಯವಹಾರ.

ಗಾಳಿ ಈಗ ಜರ್ಮನಿಯತ್ತ ಬೀಸುತ್ತಿದೆ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ 2022-23ರಲ್ಲೇ ಭಾರತೀಯರು ಚೀನೀಯರನ್ನು ಹಿಂದಿಕ್ಕಿ ಮೊದಲಿಗರಾದರು. ಅವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ವಿಭಾಗದವರು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಶುಲ್ಕವಿಲ್ಲ, ಓದಿನ ನಂತರ ಕೆಲಸ ಹುಡುಕಲು ಹದಿನೆಂಟು ತಿಂಗಳ ಅವಕಾಶ. ಆದರೆ ‘ಜರ್ಮನಿ ಉಚಿತ’ ಎಂಬ ಮಾತನ್ನು ತುಸು ಅಳೆದು ನೋಡಬೇಕು. ವರ್ಷಕ್ಕೆ 11,904 ಯೂರೋ ಮೊದಲೇ ನಿರ್ಬಂಧಿತ ಖಾತೆಯಲ್ಲಿಡಬೇಕು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024-25ರಿಂದ ಯೂರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ ಎರಡರಿಂದ ಆರು ಸಾವಿರ ಯೂರೋ ಶುಲ್ಕ ವಿಧಿಸುತ್ತಿದೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕಾದರೆ ಜರ್ಮನ್ ಬೇಕು; ಅದು ಆರು ತಿಂಗಳಲ್ಲಿ ಬರುವ ಭಾಷೆಯಲ್ಲ.

ಇದೇ ಅಳತೆಗೋಲನ್ನು ನಮ್ಮತ್ತ ತಿರುಗಿಸಿ ನೋಡಿದರೂ ಫಲಿತಾಂಶ ಬೇರೆಯಾಗದು. 2019-20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 49,348. ರಾಜ್ಯಗಳ ಪೈಕಿ ಕರ್ನಾಟಕವೇ ಮೊದಲು. 2018ರಲ್ಲಿ ಆರಂಭವಾದ ‘ಸ್ಟಡಿ ಇನ್ ಇಂಡಿಯಾ’ ಯೋಜನೆ 2023ರ ಹೊತ್ತಿಗೆ ಎರಡು ಲಕ್ಷ ವಿದೇಶಿ ವಿದ್ಯಾರ್ಥಿಗಳ ಗುರಿ ಇಟ್ಟುಕೊಂಡಿತ್ತು. 2021-22ರಲ್ಲಿ ಸಂಖ್ಯೆ 46,878ಕ್ಕೆ ಇಳಿದಿತ್ತು. ಕೋವಿಡ್ ಒಂದು ಕಾರಣ ನಿಜ. ಅದಕ್ಕಿಂತ ಹಳೆಯ ಕಾರಣವೊಂದಿದೆ. ಬೆಂಗಳೂರಿನಲ್ಲಿ ಬಿ.ಇ. ಮುಗಿಸಿದ ಸುಡಾನಿನ ಯುವಕ ಇಲ್ಲೇ ಕೆಲಸಕ್ಕೆ ಸೇರಬೇಕೆಂದರೆ ಉದ್ಯೋಗ ವೀಸಾ ಬೇಕು. ಅದಕ್ಕೆ ಸಾಮಾನ್ಯವಾಗಿ ವಾರ್ಷಿಕ 16.25 ಲಕ್ಷ ರೂಪಾಯಿಯ ಕನಿಷ್ಠ ಸಂಬಳದ ಷರತ್ತಿದೆ. ಅವನ ಪಕ್ಕದ ಬೆಂಚಿನ ಕನ್ನಡಿಗ ಸಹಪಾಠಿಗೆ ಸಿಗುವುದು ಅದರ ಕಾಲುಭಾಗ. ವೀಸಾದ ಹಂಗಿಲ್ಲದೆ ಇಲ್ಲಿ ಓದಿ, ಇಲ್ಲೇ ದುಡಿಯಬಲ್ಲ ವಿದೇಶಿಯರೆಂದರೆ ಮುಖ್ಯವಾಗಿ 1950ರ ಒಪ್ಪಂದದ ಆಸರೆಯಿರುವ ನೇಪಾಳಿಗಳು. ನೆರೆಯ ದೇಶವೆಂಬ ಅನುಕೂಲವೂ ಅವರಿಗಿದೆ. ನಮ್ಮ ವಿದೇಶಿ ವಿದ್ಯಾರ್ಥಿಗಳಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಆ ದೇಶದಿಂದಲೇ ಬಂದವರು.