ರೂಬಲ್ ಎಣಿಸಿದವರಿಗೆ ಊರು ಗೊತ್ತಾಗಲಿಲ್ಲವಂತೆ

2016ರ ಮೇ 21ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ಒಂದು ಇಸ್ಲಾಮಿಕ್ ಕೇಂದ್ರದ ಎದುರು ಎರಡು ಗುಂಪು ಜನ ಸೇರಿದರು. ಒಂದು ಬದಿಯವರು ಟೆಕ್ಸಾಸಿನಲ್ಲಿ ಇಸ್ಲಾಂ ಹರಡುವುದು ಬೇಡ ಅಂತ ಕೂಗಿದರು, ಇನ್ನೊಂದು ಬದಿಯವರು ಅವರಿಗೆ ಎದುರಾಗಿ ಕೂಗಿದರು. ಜಗಳಕ್ಕೆ ನೆಪ ಎಂತದ್ದು ಗೊತ್ತುಂಟಾ? ಆ ಕೇಂದ್ರದ ಗ್ರಂಥಾಲಯ! ಮೊದಲಿನವರನ್ನು ಕರೆದದ್ದು 'ಹಾರ್ಟ್ ಆಫ್ ಟೆಕ್ಸಾಸ್' ಎಂಬ ಫೇಸ್‌ಬುಕ್ ಪುಟ. ಎದುರಿನವರನ್ನು ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಎಂಬ ಇನ್ನೊಂದು ಪುಟ. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಒಂದೇ ಕಚೇರಿ. ಈ ಎರಡೂ ಕರೆಗಳ ಪ್ರಚಾರಕ್ಕೆ ಆದ ಖರ್ಚು ಸುಮಾರು 200 ಡಾಲರ್ ಅಂತ ಸೆನೆಟ್ ಸಮಿತಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬರ್ ಆಮೇಲೆ ಲೆಕ್ಕ ಹೇಳಿದರು. ನಮ್ಮಲ್ಲಿ ಒಂದು ರಾತ್ರಿಯ ಆಟಕ್ಕೆ ಮೈಕು, ಲೈಟು, ಶಾಮಿಯಾನ ಅಂತ ಹೊರಟರೆ ಅಷ್ಟು ದುಡ್ಡು ಸಾಲದು.

ಆ ಕಚೇರಿಯ ಹೆಸರು ಇಂಟರ್ನೆಟ್ ರಿಸರ್ಚ್ ಏಜೆನ್ಸಿ. ಹೆಸರಿಗೆ ಖಾಸಗಿ ಕಂಪನಿ. ಅದನ್ನು ಕಟ್ಟಿದ್ದು ತಾನೇ ಅಂತ ಯೆವ್ಗೆನಿ ಪ್ರಿಗೋಜಿನ್ 2023ರಲ್ಲಿ ಬಾಯಿಬಿಟ್ಟು ಹೇಳಿದ. ರಷ್ಯಾ ಸರಕಾರ ಮಾತ್ರ ತನಗೆ ಸಂಬಂಧವಿಲ್ಲ ಎನ್ನುತ್ತಲೇ ಬಂತು. ಇಂಥ ಕೆಲಸವನ್ನು ಸರಕಾರದ ಮೊಹರು ಹಾಕಿ ಯಾರೂ ಮಾಡುವುದಿಲ್ಲ ಬಿಡಿ.

ರಷ್ಯಾವನ್ನು ಬೈಯುವುದು ಸುಲಭ. ಹಗೆಯವನು ಹಗೆಯ ಕೆಲಸ ಮಾಡಿದ. ನನ್ನ ತಕರಾರು ಅವನ ಮೇಲಲ್ಲ, ದುಡ್ಡು ತೆಗೆದುಕೊಂಡು ಅವನಿಗೆ ಗೋಡೆ ಕೊಟ್ಟವನ ಮೇಲೆ.

ಆ ಕಚೇರಿಯಿಂದ ಸುಮಾರು ಒಂದು ಲಕ್ಷ ಡಾಲರಿನ ಮೂರು ಸಾವಿರದಷ್ಟು ಜಾಹೀರಾತು ಬಂದಿತ್ತು ಅಂತ ಫೇಸ್‌ಬುಕ್ ಒಪ್ಪಿಕೊಂಡದ್ದು 2017ರ ಸೆಪ್ಟೆಂಬರಿನಲ್ಲಿ, ಅಂದರೆ ಚುನಾವಣೆ ಮುಗಿದು ಹತ್ತು ತಿಂಗಳಾದ ಮೇಲೆ. ಅವರ ಬರಹಗಳು 12 ಕೋಟಿ 60 ಲಕ್ಷ ಜನರ ಕಣ್ಣಿಗೆ ಬಿದ್ದಿರಬಹುದು ಅಂತಲೂ ಅದೇ ಕಂಪನಿ ಆಮೇಲೆ ಹೇಳಿತು. ಕೆಲವು ಜಾಹೀರಾತುಗಳ ಹಣ ಪಾವತಿಯಾದದ್ದು ರೂಬಲಿನಲ್ಲಿ! ಲೋಕದ ಮಾಹಿತಿಯನ್ನೆಲ್ಲ ಅರೆದು ಕುಡಿಯುವ ನಿಮಗೆ, ಅಮೆರಿಕದ ರಾಜಕೀಯ ಜಾಹೀರಾತಿಗೆ ರೂಬಲ್ ಬಂದರೆ ಕೊಟ್ಟವನು ರಷ್ಯಾದವನು ಅಂತ ಹೊಳೆಯಲಿಲ್ಲವೇ ಎಂಬ ಅರ್ಥದಲ್ಲಿ ಸೆನೆಟರ್ ಅಲ್ ಫ್ರಾಂಕೆನ್ ಆ ಕಂಪನಿಯ ವಕೀಲರನ್ನು ಸದನ ಸಮಿತಿಯಲ್ಲಿ ಕೇಳಿದರು. ನಮ್ಮ ಪೇಟೆಯ ಅಡಿಕೆ ವ್ಯಾಪಾರಿಯ ಕೈಗೆ ಯಾರಾದರೂ ರೂಬಲ್ ಕೊಟ್ಟು ನೋಡಲಿ. ಮೂರು ತಲೆಮಾರು ವಿಚಾರಿಸದೆ ಅವನು ಬಿಡ್ತಾನಾ?

ಟ್ವಿಟರಿನ ಕತೆ ಇದಕ್ಕಿಂತ ಕಡೆ. ಟೆನೆಸ್ಸಿ ರಾಜ್ಯದ ರಿಪಬ್ಲಿಕನ್ ಪಕ್ಷದ ಹೆಸರು ಹಚ್ಚಿಕೊಂಡ ಒಂದು ಖಾತೆ ಇತ್ತು. ಒಂದು ಲಕ್ಷಕ್ಕೂ ಮಿಕ್ಕಿ ಹಿಂಬಾಲಕರು. ನಡೆಸುತ್ತಿದ್ದದ್ದು ಅದೇ ಪೀಟರ್ಸ್‌ಬರ್ಗಿನ ಕಚೇರಿ. ಪಕ್ಷದ ಅಸಲಿ ಘಟಕದವರು 2016ರ ಸೆಪ್ಟೆಂಬರಿನಲ್ಲೇ 'ಅದು ನಮ್ಮದಲ್ಲ' ಅಂತ ಟ್ವಿಟರಿಗೆ ದೂರು ಕೊಟ್ಟರು. ಆಮೇಲೆ ಮತ್ತೂ ಕೊಟ್ಟರು. ಖಾತೆ ಮುಚ್ಚಿದ್ದು 2017ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಮತದಾನ ಆಗಿ, ಎಣಿಕೆ ಆಗಿ, ಹೊಸ ಅಧ್ಯಕ್ಷರು ಗಾದಿಯಲ್ಲಿ ಕೂತು ಆರು ತಿಂಗಳು ಕಳೆದಿತ್ತು. ಮನೆಯವನೇ ಬಂದು ನನ್ನ ಹೆಸರಲ್ಲಿ ಕಳ್ಳ ಕೂತಿದ್ದಾನೆ ಅಂದರೂ ಏಳದ ಕಾವಲುಗಾರನನ್ನು ಏನು ಮಾಡಬೇಕು?

2018ರ ಫೆಬ್ರವರಿಯಲ್ಲಿ 13 ಮಂದಿ ರಷ್ಯನ್ನರ ಮತ್ತು ಮೂರು ರಷ್ಯನ್ ಸಂಸ್ಥೆಗಳ ಮೇಲೆ ಅಮೆರಿಕದಲ್ಲಿ ಆರೋಪಪಟ್ಟಿ ಆಯಿತು. ಜಾಹೀರಾತಿನ ಹಣ ಎಣಿಸಿಕೊಂಡವರು ಆ ಆರೋಪಿಗಳ ಸಾಲಿನಲ್ಲಿ ಇರಲಿಲ್ಲ. ಅವರನ್ನು ಕಾಯುವ ಕೊಡೆ 1996ರ ಒಂದು ಕಾನೂನಿನ 230ನೇ ಕಲಂ. ಬೇರೆಯವರು ಬರೆದದ್ದಕ್ಕೆ ಜಾಲತಾಣವನ್ನು ಪ್ರಕಾಶಕ ಅಂತ ಎಣಿಸಬಾರದು ಎನ್ನುತ್ತದೆ ಅದು. ಫೇಸ್‌ಬುಕ್ ಹುಟ್ಟಿದ್ದೇ 2004ರಲ್ಲಿ.

ಈಗ ನಮ್ಮ ಕಡೆಗೆ ಬನ್ನಿ. ಪಂಚಾಯತು ಪೇಟೆಯ ಸಣ್ಣ ಮುದ್ರಣಾಲಯಕ್ಕೆ ಚುನಾವಣೆಯ ಸಮಯದಲ್ಲಿ ಹೋಗಿ, ವಿಧಾನಸಭೆಗೋ ಲೋಕಸಭೆಗೋ ಒಂದು ಕರಪತ್ರ ಅಚ್ಚು ಹಾಕಿಕೊಡಿ ಅಂತ ಕೇಳಿ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಅದರಲ್ಲಿ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವನು ತಾನು ಯಾರೆಂದು ಬರೆದುಕೊಡಬೇಕು, ಅವನ ಪರಿಚಯ ಇರುವ ಇಬ್ಬರು ಅದಕ್ಕೆ ಸಹಿ ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಐನೂರು ಕರಪತ್ರ ಹಾಕುವ ಬಡ ಮುದ್ರಕನಿಗೆ ಈ ನಿಯಮ. ಕೋಟಿಗಟ್ಟಲೆ ಜನರ ಕಣ್ಣಿಗೆ ಹಾಕುವವನಿಗೆ ಮಾತ್ರ ವಿನಾಯಿತಿ. ಇದ್ಯಾವ ನ್ಯಾಯ ಮಾರಾಯ್ರೇ?

ನಾವು ಬರೀ ಅಂಚೆಯವರು, ಕಾಗದದಲ್ಲಿ ಬರೆದದ್ದಕ್ಕೆ ಅಂಚೆಯವನನ್ನು ಹಿಡಿಯುತ್ತೀರಾ ಅಂತ ಕಂಪನಿಗಳು ಕೇಳುತ್ತವೆ. ಅಂಚೆಯವನು ವಿಳಾಸ ನೋಡಿ ಕೊಡುತ್ತಾನೆ ಸ್ವಾಮಿ. ಈ ಮನೆಯವರಿಗೆ ಸಿಟ್ಟು ಬೇಗ ಬರುತ್ತದೆ, ಈ ಕಾಗದದ ಸಾವಿರ ಪ್ರತಿ ಮಾಡಿ ಇವರ ಜಗಲಿಗೇ ಎಸೆಯೋಣ ಅಂತ ಅವನು ಲೆಕ್ಕ ಹಾಕುವುದಿಲ್ಲ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಮಧ್ಯವರ್ತಿಗೆ ರಕ್ಷಣೆ ಕೊಡುವಾಗ ಹಾಕಿರುವ ಷರತ್ತುಗಳಲ್ಲಿ, ಸಂದೇಶ ಯಾರಿಗೆ ಹೋಗಬೇಕೆಂದು ಅವನು ಆಯ್ಕೆ ಮಾಡಿರಬಾರದು ಎಂಬುದೂ ಒಂದು. ಯಾರಿಗೆ ಏನು ತೋರಿಸಬೇಕು ಅಂತ ಆಯ್ಕೆ ಮಾಡುವುದೇ ಈ ಕಂಪನಿಗಳ ಕಸುಬು. 2021ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರ, ಪಾಕಿಸ್ತಾನದಿಂದ ನಡೆಯುತ್ತವೆ ಅಂತ ಹೇಳಿ 20 ಯೂಟ್ಯೂಬ್ ಚಾನೆಲ್‌ಗಳನ್ನು ಮುಚ್ಚಿಸಿತು. ಅಷ್ಟರಲ್ಲಿ ಅವುಗಳ ವೀಕ್ಷಣೆ 55 ಕೋಟಿ ದಾಟಿತ್ತು. ಚಾನೆಲ್ ಮುಚ್ಚಿತು ಸರಿ, ಅದನ್ನು 55 ಕೋಟಿ ಸಲ ಬಡಿಸಿದ ಸೌಟಿನ ಲೆಕ್ಕ ಯಾರು ಕೊಡುವುದು?

ಮಾಷ್ಟ್ರುಗಳು ಇಲ್ಲಿ ಕೈ ಎತ್ತುತ್ತಾರೆ, ಗೊತ್ತುಂಟು. ಕಂಪನಿಗೆ ದಂಡದ ಹೆದರಿಕೆ ಇಟ್ಟರೆ ಅದು ಸಾಮಾನ್ಯ ಜನರ ಬಾಯಿಯನ್ನೂ ಮುಚ್ಚಿಸುತ್ತದೆ, 'ವಿದೇಶಿ ಕೈ' ಅಂತ ಹೇಳಿ ಸರಕಾರ ತನಗಾಗದವರ ಖಾತೆ ಕಿತ್ತು ಹಾಕಿಸುತ್ತದೆ ಅಂತ. ಈ ಭಯ ಸುಳ್ಳಲ್ಲ. ಯಾರೋ ದೂರು ಕೊಟ್ಟರೆಂದು ಬರಹ ತೆಗೆಯಬೇಕಾಗಿಲ್ಲ, ನ್ಯಾಯಾಲಯದ ಆದೇಶವೋ ಸರಕಾರದ ಸೂಚನೆಯೋ ಬೇಕು ಅಂತ ಸುಪ್ರೀಂ ಕೋರ್ಟು 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ ಯೋಚಿಸಿ. ಆ ತೀರ್ಪನ್ನು ಅಲುಗಾಡಿಸಿ ಅಂತ ನಾನು ಹೇಳುತ್ತಿಲ್ಲ. ಯಾರೇ ಏನೇ ಬರೆದರೂ ಕಂಪನಿಯನ್ನು ಹಿಡಿಯಿರಿ ಅಂತಲೂ ಅಲ್ಲ. ಹಣ ತೆಗೆದುಕೊಂಡು ಹರಡಿದ್ದಕ್ಕೆ ಹಣ ಕೊಟ್ಟವನ ಗುರುತು ಇಟ್ಟಿರಬೇಕು, ಇಲ್ಲದಿದ್ದರೆ ಆ ಮುದ್ರಕನ ಹಾಗೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ತನ್ನ ಹೆಸರು ಕದ್ದಿದ್ದಾರೆ ಅಂತ ಹೆಸರಿನ ಯಜಮಾನನೇ ಪುರಾವೆ ಸಮೇತ ಬಂದ ಮೇಲೂ ತಿಂಗಳುಗಟ್ಟಲೆ ಸುಮ್ಮನೆ ಕೂತರೆ, ಆ ತಿಂಗಳುಗಳಿಗೆ ಕೋರ್ಟಿನಲ್ಲಿ ಉತ್ತರ ಕೊಡಬೇಕು. ಬರಹ ತೆಗೆಯಬೇಕೋ ಬೇಡವೋ, ಖಾತೆ ಪರದೇಶದ ಸರಕಾರದ್ದೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ನ್ಯಾಯಾಧೀಶರು, ಮಂತ್ರಿಗಳಲ್ಲ.

ಕಾಸರಗೋಡಿನ ನಮಗೆ ಇದು ಹ್ಯೂಸ್ಟನ್ನಿನಷ್ಟು ದೂರದ ಮಾತಲ್ಲ. ಎರಡು ಭಾಷೆಗಳ ನಡುವೆ ಬದುಕುವವರು ನಾವು. ಕನ್ನಡಕ್ಕೆ ಅನ್ಯಾಯ ಅಂತ ಒಂದು ಪುಟ, ಮಲಯಾಳಕ್ಕೆ ಅವಮಾನ ಅಂತ ಇನ್ನೊಂದು ಪುಟ, ಎರಡಕ್ಕೂ ಎಲ್ಲೋ ಕೂತ ಒಬ್ಬನೇ ಸಂಬಳದವನು. ಇಲ್ಲಿ ಹಾಗೆ ಆಗಿದೆ ಅಂತ ನಾನು ಹೇಳುತ್ತಿಲ್ಲ. 200 ಡಾಲರಿನಲ್ಲಿ ಆಗುವ ಕೆಲಸ ಅಂತ ಮಾತ್ರ. ಹ್ಯೂಸ್ಟನ್ನಿನಲ್ಲಿ ಬೀದಿಗೆ ಬಂದವರು ರಷ್ಯನ್ನರಲ್ಲ, ಆ ಊರಿನ ಜನವೇ. ಅವರ ಸಿಟ್ಟು ಅವರದ್ದೇ. ನಮ್ಮ ಶಾಲೆಗಳ ಕುರಿತ ನಮ್ಮ ದೂರುಗಳೂ ನಮ್ಮವೇ. ಅದರ ನಡುವೆ ಕೂಲಿಯ ಕೂಗು ಒಂದು ಸೇರಿದರೆ, ನಾಳೆ ನಮ್ಮ ನಿಜವಾದ ಮನವಿಯನ್ನೂ 'ಎಲ್ಲಿಯದೋ ಪಿತೂರಿ' ಅಂತ ಕಸದಬುಟ್ಟಿಗೆ ಹಾಕಲು ಅಧಿಕಾರಿಗಳಿಗೆ ಸುಲಭ.

ಇಷ್ಟು ಕೋಟಿ ಜನರ ಗುರುತು ಹಿಡಿಯುವುದು ಸಾಧ್ಯವೇ ಇಲ್ಲ ಎಂಬುದು ಕಂಪನಿಗಳ ಕಡೆಯ ವಾದ. ಎಲ್ಲರ ಗುರುತು ಯಾರು ಕೇಳಿದರು? ದುಡ್ಡು ಕೊಟ್ಟವರದ್ದು ಸಾಕು. 2018ರಲ್ಲಿ, ಸದನದಲ್ಲಿ ಮುಖಭಂಗ ಆದ ಮೇಲೆ, ಫೇಸ್‌ಬುಕ್ಕೇ ಅಮೆರಿಕದಲ್ಲಿ ರಾಜಕೀಯ ಜಾಹೀರಾತು ಕೊಡುವವರ ಗುರುತಿನ ಚೀಟಿ ಕೇಳಲು ಶುರುಮಾಡಿತು. ಅಷ್ಟು ಸಾಲದೆಂದು ಅವರ ವಿಳಾಸಕ್ಕೆ ಅಂಚೆಯಲ್ಲಿ ಒಂದು ಕಾಗದ ಕಳುಹಿಸಿ, ಅದರಲ್ಲಿದ್ದ ಸಂಕೇತವನ್ನು ಹಾಕಿದರೆ ಮಾತ್ರ ಮುಂದಕ್ಕೆ ಬಿಡುವ ಏರ್ಪಾಡು ಮಾಡಿತು. ಅಂಚೆಯ ಕಾಗದ! 2016ರಲ್ಲಿ ಅಮೆರಿಕದಲ್ಲಿ ಅಂಚೆ ಇರಲಿಲ್ಲವಾ?