ತಿಂಗಳಿಗೊಮ್ಮೆ ತೋರಿಸಬೇಕು

ಮೇ ತಿಂಗಳ ರಜೆಗೆ ಊರಿಗೆ ಹೊರಡುವ ನಮ್ಮವರ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಮನೆದೇವರ ಪೂಜೆ, ಜಮೀನಿನ ಪಹಣಿ, ಒಂದು ಮದುವೆ, ಎರಡು ಗೃಹಪ್ರವೇಶ, ಬರುವಾಗ ಹಪ್ಪಳ ಸಂಡಿಗೆ ಖಾರದಪುಡಿ. ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ: ಮಕ್ಕಳ ಹಲ್ಲಿಗೆ ಕ್ಲಿಪ್. ಮುಂಬೈಯಲ್ಲಿ ಕೇಳುವ ದುಡ್ಡಿಗೂ ಊರಲ್ಲಿ ಕೇಳುವ ದುಡ್ಡಿಗೂ ಇರುವ ಅಂತರ ನೋಡಿದರೆ ಹಾಗನ್ನಿಸುವುದು ಸಹಜವೇ. ಏಪ್ರಿಲ್ ಬಂತೆಂದರೆ ನನಗೆ ಫೋನು ಶುರು. ನಮ್ಮ ಅಕ್ಕನ ಗಂಡ ದಾವಣಗೆರೆಯಲ್ಲಿ ಆರ್ಥೊಡಾಂಟಿಸ್ಟ್. ಉಬ್ಬುಹಲ್ಲು, ಓರೆಹಲ್ಲು ಸರಿ ಮಾಡುವ ಡಾಕ್ಟರು. "ನಿಮ್ಮ ಭಾವನವರಿಗೆ ಒಂದು ಮಾತು ಹೇಳಿ ಅಕ್ಕಾ, ಹದಿನೈದು ದಿನ ಇರ್ತೀವಿ, ಹಾಕಿ ಕಳಿಸಲಿ" ಎಂದು ಡೊಂಬಿವಲಿ, ಠಾಣೆ, ಪುಣೆಯಿಂದೆಲ್ಲ ಕೇಳುತ್ತಾರೆ.

ಭಾವ ಹಾಕುವುದಿಲ್ಲ. ಇಷ್ಟು ವರ್ಷಗಳಿಂದ ಅವರದು ಒಂದೇ ಉತ್ತರ: "ತಂತಿ ಹಾಕೋದು ಒಂದು ತಾಸಿನ ಕೆಲಸ ಕಣವ್ವಾ. ಆಮೇಲೆ ತಿಂಗಳಾ ತಿಂಗಳಾ ನೋಡೋರು ಯಾರು? ನೀನು ನೋಡ್ತೀಯಾ?"

ಕ್ಲಿಪ್ ಎಂದರೆ ಹಲ್ಲನ್ನು ಹಿಡಿದು ಎಳೆಯುವುದು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲವಂತೆ. ಗೋಡೆಯಲ್ಲಿ ಮೊಳೆ ಕೂತಂತೆ ಹಲ್ಲು ಮೂಳೆಯಲ್ಲಿ ಕೂತಿಲ್ಲ. ನಡುವೆ ಸಣ್ಣ ನಾರುಗಳ ಪದರವೊಂದಿದೆ. ತಂತಿ ಹಗುರವಾಗಿ, ಆದರೆ ಬಿಡದೆ ಒತ್ತುತ್ತಿದ್ದರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ಸರಿಯುವುದು ಹೀಗೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ಲೆಕ್ಕದಲ್ಲಿ. ಅವಸರಕ್ಕೆ ಜೋರಾಗಿ ಬಿಗಿದರೆ ಹಲ್ಲಿನ ಬೇರೇ ಸವೆಯಬಹುದು. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸಬೇಕು, ಒಂದೂವರೆ ಎರಡು ವರ್ಷ ತೋರಿಸುತ್ತಲೇ ಇರಬೇಕು. ಕ್ಲಿಪ್ ತೆಗೆದ ಮೇಲೂ ಹಲ್ಲು ಹಳೆಯ ಜಾಗಕ್ಕೇ ಹೊರಡಲು ನೋಡುತ್ತದೆ, ಊರು ಬಿಟ್ಟವರ ಮನಸ್ಸಿನ ಹಾಗೆ. ತಡೆಯುವುದಕ್ಕೆ ರಿಟೇನರ್ ಬೇಕು.

ಹಾಗೆಂದು ಭಾವ ಬರಿಗೈಯಲ್ಲಿ ಕಳಿಸುವುದಿಲ್ಲ. ಮಗುವಿನ ಬಾಯಿ ನೋಡಿ, ಈಗ ಬೇಕೋ ಎರಡು ವರ್ಷ ಕಾಯಬಹುದೋ ಹೇಳುತ್ತಾರೆ. ಚಿಕಿತ್ಸೆ ಮಾತ್ರ ನಿಮ್ಮ ಮನೆಯ ಹತ್ತಿರವೇ ಮಾಡಿಸಿ ಎನ್ನುತ್ತಾರೆ. ಮುಂಬೈಯವರಿಗೆ ಖರ್ಚು ಭಾರವಾದರೆ ಪಾಲಿಕೆಯ ನಾಯರ್ ದಂತ ಕಾಲೇಜು ಇದೆ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಅಲ್ಲಿ ಎಂಡಿಎಸ್ ಓದುವವರು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸಾಲು ನಿಲ್ಲಬೇಕು, ಶಾಲೆಗೆ ರಜೆ ಹಾಕಬೇಕು, ಅದು ಬೇರೆ ಮಾತು. ನಮ್ಮಂಥ ಊರೂರು ಬದಲಿಸುವವರಿಗೆ ಭಾವ ಇನ್ನೊಂದು ಹೇಳುತ್ತಾರೆ: ವರ್ಗವಾಗುವ ಸಂಭವವಿದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ತಿಳಿಸಿ, ಎಕ್ಸ್‌ರೇ, ಫೋಟೋ, ಹಲ್ಲಿನ ಅಚ್ಚು ಎಲ್ಲವನ್ನೂ ಕೇಳಿ ಇಟ್ಟುಕೊಳ್ಳಿ. ಬೇರೆಯವರು ಅರ್ಧ ಮಾಡಿದ ಕೆಲಸಕ್ಕೆ ಕೈ ಹಾಕಲು ಎಲ್ಲ ಡಾಕ್ಟರೂ ಒಪ್ಪುವುದಿಲ್ಲ.

ಭಾವ ಕ್ಲಿನಿಕ್ ತೆರೆದದ್ದು 1993ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ತಾನೇ ಜಿಲ್ಲೆಯಾದದ್ದು 1997ರಲ್ಲಿ. ಊರಿಗೆ ಹಲ್ಲಿನ ಡಾಕ್ಟರು ಹೊಸಬರೇನಲ್ಲ, ಬಾಪೂಜಿ ದಂತ ಕಾಲೇಜು 1979ರಿಂದ ಇದೆ. ಭಾವ ಅಲ್ಲಿಯೇ ಬಿಡಿಎಸ್ ಓದಿದವರು. ಆದರೆ ಹಲ್ಲು ನೋಯದೆ ಡಾಕ್ಟರ ಹತ್ತಿರ ಹೋಗುವುದು ಯಾಕೆ ಎಂಬುದು ಆಗಿನವರ ಪ್ರಶ್ನೆ. ಮೊದಲ ವರ್ಷ ಬಂದವರಲ್ಲಿ ಹೆಚ್ಚಿನವರು ಹಲ್ಲು ಕೀಳಿಸಿಕೊಳ್ಳಲು ಬಂದವರೇ. ಬೆಂಗಳೂರಿನಿಂದ ಕರೆ ಬಂತು, ಮಸ್ಕತ್ತಿನಿಂದಲೂ ಬಂತು. ಮನೆಯಲ್ಲಿ ತಂದೆಗೆ ಲಕ್ವ ಹೊಡೆದಿತ್ತು, ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು. ಭಾವ ಹೋಗಲಿಲ್ಲ. ಇದನ್ನು ತ್ಯಾಗ ಎಂದರೆ ಅವರಿಗೆ ಸಿಟ್ಟು ಬರುತ್ತದೆ. "ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಣ್ತೀನಿ, ಯಾವ ತ್ಯಾಗ?" ಎನ್ನುತ್ತಾರೆ.

ಅವರ ಡೈರಿಯನ್ನೊಮ್ಮೆ ನೋಡಬೇಕು. ರೋಗಿಗಳ ತಾರೀಖು ಗಂಟೆಯ ಲೆಕ್ಕದಲ್ಲಿಲ್ಲ, ಸಂತೆಯ ಲೆಕ್ಕದಲ್ಲಿದೆ. ಯಾವ ಊರಿನವರು ಯಾವ ವಾರ ಪೇಟೆಗೆ ಬರುತ್ತಾರೋ ಆ ದಿನವೇ ಆ ಊರಿನ ಮಕ್ಕಳಿಗೆ. ದುಡ್ಡೂ ಹಾಗೆಯೇ. ಜೋಳ ಎಪಿಎಂಸಿಗೆ ಬಂದ ಮೇಲೆ ಒಂದು ಕಂತು, ಚನ್ನಗಿರಿ ಕಡೆಯವರು ಅಡಿಕೆ ಮಾರಿದ ಮೇಲೆ ಒಂದು. ಬೆಳೆ ಕೈಕೊಟ್ಟ ವರ್ಷ ಕಂತೂ ಇಲ್ಲ, ಕೇಳುವುದೂ ಇಲ್ಲ. ಗೌರಿ ಗಣೇಶ ಮುಗಿದ ವಾರ ಕ್ಲಿನಿಕ್ಕಿನಲ್ಲಿ ಜಾತ್ರೆ: ಚಕ್ಕುಲಿ ಕಡಿದು ಬ್ರಾಕೆಟ್ ಕಿತ್ತುಕೊಂಡವರು, ಕಬ್ಬು ಸಿಗಿದು ತಂತಿ ಬಗ್ಗಿಸಿಕೊಂಡವರು. ಅರಿಶಿನದ ಸಾರು ಉಂಡು ಬಿಳಿ ರಬ್ಬರುಗಳೆಲ್ಲ ಹಳದಿಯಾಗಿರುತ್ತವೆ. ಈಗ ಅವರು ಬಿಳಿಯದನ್ನು ತರಿಸುವುದನ್ನೇ ಬಿಟ್ಟಿದ್ದಾರೆ.

ಜಗಳೂರು ಕಡೆಯಿಂದ ಬರುವ ಮಕ್ಕಳ ಕಥೆ ಬೇರೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಕಂದು ಪಟ್ಟೆ ಮೂಡಿಬಿಡುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಎಂಬುದು ಸರ್ಕಾರದ ಮಾನದಂಡ. ಆ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ಹಲ್ಲಿಗೆ ಬ್ರಾಕೆಟ್ ಸರಿಯಾಗಿ ಅಂಟುವುದೂ ಇಲ್ಲ. ಭಾವ ಶನಿವಾರ ಅಲ್ಲಿನ ಶಾಲೆಗಳಿಗೆ ಹೋಗುತ್ತಾರೆ. ದಂತ ತಪಾಸಣಾ ಶಿಬಿರ ಎಂದು ಬ್ಯಾನರು ಕಟ್ಟುತ್ತಾರಾದರೂ ಅವರ ಮುಖ್ಯ ಕೆಲಸ ಮೇಷ್ಟ್ರುಗಳ ಜೊತೆ ಮಾತಾಡುವುದು: "ಹಲ್ಲು ಉಜ್ಜಿಲ್ಲ ಅಂತ ಈ ಮಕ್ಕಳನ್ನ ಬೈಬೇಡ್ರಿ ಸಾರ್. ತಪ್ಪು ನೀರಿಂದು." ಬಾಯಿ ಮುಚ್ಚಿಕೊಂಡೇ ನಗುವ ಹುಡುಗಿಯರನ್ನು ಅಲ್ಲಿ ನಾನೂ ಒಮ್ಮೆ ನೋಡಿದ್ದೇನೆ. ಸೆರಗು, ದುಪಟ್ಟಾ, ಅಂಗೈ, ಏನೂ ಇಲ್ಲದಿದ್ದರೆ ಪುಸ್ತಕ.

ಮದುವೆಯ ಗಿರಾಕಿಗಳದು ಇನ್ನೊಂದು ಗೋಳು. "ಮೂರು ತಿಂಗಳಿಗೆ ಲಗ್ನ ಐತೆ ಡಾಕ್ಟ್ರೇ, ಅಷ್ಟರೊಳಗೆ ಹುಡುಗಿ ಹಲ್ಲು ಒಳಗೆ ಹಾಕಿಕೊಡಿ" ಎಂದು ಬರುತ್ತಾರೆ. ಭಾವ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಹುಡುಗಿಯನ್ನೇ ಕೇಳುತ್ತಾರೆ, ನಿನಗೆ ಬೇಕಾ ಎಂದು. ಬೇಡ ಎಂದವಳಿಗೆ, ಕಾಯಿಲೆ ಏನೂ ಇಲ್ಲದಿದ್ದರೆ, "ಈ ಹಲ್ಲಿಗೆ ಚಿಕಿತ್ಸೆಯ ಅಗತ್ಯವಿಲ್ಲ" ಎಂದು ಚೀಟಿ ಬರೆದುಕೊಡುತ್ತಾರೆ. ಗಂಡಿನ ಕಡೆಯವರ ಮುಂದೆ ಆ ಚೀಟಿ ಎಷ್ಟು ನಡೆಯುತ್ತದೋ ಯಾರಿಗೆ ಗೊತ್ತು! ನನ್ನನ್ನು ಕೇಳಿದರೆ ಬರೆದದ್ದೇ ದೊಡ್ಡದು.

ಆದರೆ ಭಾವ ಊರಲ್ಲೇ ಉಳಿದದ್ದಕ್ಕೆ ಅರ್ಥ ಏನೆಂದು ನನಗೆ ತಿಳಿದದ್ದು ಸೀಳುತುಟಿಯ ಮಕ್ಕಳಿಂದ. ಹುಟ್ಟುವಾಗಲೇ ಮೇಲ್ತುಟಿ ಸೀಳಿರುತ್ತದೆ, ಕೆಲವರಿಗೆ ಅಂಗುಳವೂ. ಮಗು ಮೊಲೆ ಚೀಪಲಾರದು. ಗ್ರಹಣದ ದಿನ ಹೊರಗೆ ಬಂದೆ ಎಂದು ಬಾಣಂತಿಯನ್ನೇ ಹಂಗಿಸುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬಲ್ಲಿಂದ ಭಾವನ ಚಿಕಿತ್ಸೆ ಶುರು. ಮಗು ಹುಟ್ಟಿದ ಮೊದಲ ವಾರಗಳಲ್ಲೇ ಬಾಯಿಯ ಅಚ್ಚು ತೆಗೆದು ಚಿಕ್ಕ ತಟ್ಟೆಯೊಂದನ್ನು ಮಾಡಿ ಕೂರಿಸುತ್ತಾರೆ. ಒಂದು ಎರಡು ವಾರಕ್ಕೊಮ್ಮೆ ಅದನ್ನು ತಿದ್ದುತ್ತಾ ಹೋದರೆ ಸೀಳಿನ ಎರಡು ಅಂಚು ಹತ್ತಿರ ಬರುತ್ತವೆ, ಮೂಗೂ ಆಕಾರಕ್ಕೆ ಬರುತ್ತದೆ. ಸರ್ಜನ್ನರ ಕೆಲಸ ಹಗುರವಾಗುತ್ತದೆ. ಮೂರರಿಂದ ಆರು ತಿಂಗಳಿಗೆ ತುಟಿಯ ಶಸ್ತ್ರಚಿಕಿತ್ಸೆ, ವರ್ಷದ ಆಸುಪಾಸಿನಲ್ಲಿ ಅಂಗುಳದ್ದು. ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ದೇಶದ ಹಲವು ಆಸ್ಪತ್ರೆಗಳಲ್ಲಿ ಇದು ಉಚಿತ. ನಿಮ್ಮ ಮನೆಗೆಲಸದವರ, ವಾಚ್‌ಮನ್ನರ ಮನೆಯಲ್ಲಿ ಇಂಥ ಮಗುವಿದ್ದರೆ ದಯವಿಟ್ಟು ಹೇಳಿ.

ತುಟಿ ಹೊಲಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಮಾತು ತಿದ್ದಬೇಕು. ಎಂಟು ಹತ್ತು ವರ್ಷಕ್ಕೆ, ಕೋರೆಹಲ್ಲು ಮೂಡುವ ಮೊದಲು, ವಸಡಿನ ಸೀಳಿಗೆ ಮೂಳೆ ತುಂಬಬೇಕು. ಅದಕ್ಕೆ ಮುಂಚೆ ದವಡೆ ಅಗಲಿಸಬೇಕು. ಹನ್ನೆರಡು ಹದಿಮೂರಕ್ಕೆ ಪೂರ್ತಿ ಕ್ಲಿಪ್. ಕೆಲವರಿಗೆ ಹದಿನೆಂಟು ದಾಟಿದ ಮೇಲೆ ದವಡೆಯ ಶಸ್ತ್ರಚಿಕಿತ್ಸೆ. ತೊಟ್ಟಿಲ ಮಗು ಕಾಲೇಜು ಸೇರುವವರೆಗೂ ಒಬ್ಬ ಡಾಕ್ಟರು ಜೊತೆಗೆ ನಡೆಯಬೇಕು. ಭಾವನ ಕೈಯಲ್ಲಿ ಹಾಗೆ ಬೆಳೆದ ಹುಡುಗಿಯೊಬ್ಬಳು ಈಗ ಹರಿಹರದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಾಳೆ. ದಿನವಿಡೀ ಜನರೊಡನೆ ಮಾತಾಡುವ ಕೆಲಸ ಬೇಕು ಎಂದೇ ಪರೀಕ್ಷೆ ಬರೆದಳಂತೆ.

ಅಕ್ಕನನ್ನು ಕೇಳಿದರೆ ಇದರ ಇನ್ನೊಂದು ಮಗ್ಗುಲು ತಿಳಿಯುತ್ತದೆ. ಐದು ದಿನಕ್ಕಿಂತ ಹೆಚ್ಚು ಅವರು ಊರು ಬಿಟ್ಟದ್ದಿಲ್ಲ. ಕಾಶಿಗೆ ಹೋದಾಗಲೂ ಯಾರದೋ ತಂತಿ ಕೆನ್ನೆಗೆ ಚುಚ್ಚಿ ಫೋನು ಬಂತು. ಮಗ ಪುಣೆಯಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ, ಕ್ಲಿನಿಕ್ ಅವನಿಗೆ ಬೇಡ. ಭಾವನ ತಾಯಿಗೆ ಎಂಬತ್ತೆಂಟು. ಬಾಯಲ್ಲಿ ಒಂದು ಹಲ್ಲಿಲ್ಲ, ಹಲ್ಲಿನ ಸೆಟ್ಟು ಹಾಕಿಕೊಳ್ಳಲು ಸುತರಾಂ ಒಪ್ಪುವುದಿಲ್ಲ. "ಊರವರ ಹಲ್ಲು ನೋಡ್ಕೊ ಹೋಗಪ್ಪಾ" ಎಂದು ಮಗನನ್ನೇ ಕಳಿಸುತ್ತಾರೆ. ಆದರೂ ಮಧ್ಯಾಹ್ನ ಒಂದೂವರೆಗೆ ಮಗ ಬಂದು ಮುದ್ದೆ ಹದಕ್ಕೆ ಮಿದ್ದು ಕೊಡಲೇಬೇಕು.

ಭಾವನಿಗೆ ಈಗ ಅರವತ್ತೊಂದು. ಕತ್ತು ನೋವು, ಬಗ್ಗಿ ಕೂತು ಕೂತು. ಕಳೆದ ವರ್ಷ ಹೊನ್ನಾಳಿ ಕಡೆಯಿಂದ ಇಪ್ಪತ್ತು ದಿನದ ಕೂಸೊಂದನ್ನು ತಂದರು. ಭಾವ ನೋಡಿ ಅಚ್ಚು ತೆಗೆದರು, ಆಮೇಲೆ ಸುಮ್ಮನೆ ಕೂತರಂತೆ. ರಾತ್ರಿ ಅಕ್ಕನ ಹತ್ತಿರ ಹೇಳಿದ್ದು ಲೆಕ್ಕವಷ್ಟೆ: "ಇದಕ್ಕೆ ಹದಿನೆಂಟು ಆಗೋ ಹೊತ್ತಿಗೆ ನನಗೆ ಎಂಬತ್ತು ಹತ್ತಿರ." ಮರುದಿನ, ಎಂಡಿಎಸ್ ಮುಗಿಸಿ ಊರಿಗೇ ಮರಳಿದ್ದ ಹುಡುಗಿಯೊಬ್ಬಳಿಗೆ ಫೋನು ಮಾಡಿದರು. ಅವಳೂ ಬೆಂಗಳೂರಿಗೆ ಹೊರಟು ನಿಂತವಳೇ. ಬಾಡಿಗೆ ಬೇಡ, ಕುರ್ಚಿ ನಿನ್ನದು, ವಾರಕ್ಕೆ ಮೂರು ದಿನ ಬಾ ಎಂದರು. ಒಂದು ವರ್ಷ ನೋಡುತ್ತೇನೆ ಎಂದಿದ್ದಾಳೆ.

ಆ ಕೂಸಿನ ಮೊದಲ ತಟ್ಟೆಯನ್ನು ಭಾವ ಮಾಡಿದರು. ಎರಡನೆಯ ವಾರ ಅದನ್ನು ತಿದ್ದಿದ್ದು ಅವಳು. ತುಟಿಯ ಶಸ್ತ್ರಚಿಕಿತ್ಸೆ ಆಗಿದೆ, ಅಂಗುಳದ್ದು ಬರುವ ತಿಂಗಳು.